ಬಟಾಣಿ ಪಾತಿಗೆ ಬಿದ್ದ ಬೀಗ

ನನ್ನ ತಮ್ಮ ಹದಿನೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಬೀದಿಯಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ, ಎಲ್ಲರಿಗೂ ಅವನು ಲಿಫ್ಟಣ್ಣ. ಆ ಲಿಫ್ಟಣ್ಣ ಚಳಿಗಾಲ ಮುಗಿಯುವ ಹೊತ್ತಿಗೆ ಕೆಲಸ ಬಿಟ್ಟು ಮನೆಯಲ್ಲಿ ಉಳಿದ. ಮಕ್ಕಳನ್ನು ನೋಡಿಕೊಳ್ಳುವುದಕ್ಕೆ! ಅದನ್ನು ಕೇಳಿ ನನಗೆ ಬಂದ ಸಿಟ್ಟಿನಲ್ಲಿ, ಹೊಲಿಯುತ್ತಿದ್ದ ಕೋಟಿಗೆ ಎಡಗೈ ತೋಳನ್ನು ಬಲಕ್ಕೆ ಕೂಡಿಸಿಬಿಟ್ಟೆ.

ನಾನು ದರ್ಜಿ. ಅವರ ಪಕ್ಕದ ಮನೆಯೇ ನನ್ನದು. ನನ್ನ ಹೊಲಿಗೆ ಮಿಷನ್ ಕಿಟಕಿಯ ಹತ್ತಿರ, ಕಿಟಕಿ ಅವರ ಬಾಗಿಲಿಗೆ ಎದುರು. ಆದ್ದರಿಂದ ಅವರ ಮನೆಯಲ್ಲಿ ಸಾಸಿವೆ ಸಿಡಿದರೂ ನನಗೆ ತಿಳಿಯುತ್ತದೆ. ಮೂಗು ತೂರಿಸುತ್ತಾಳೆ ಎನ್ನುವವರು ಎನ್ನಲಿ, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ನಾನು.

ಕಾರಣ ಅವನ ಹೆಂಡತಿ. ಮದುವೆಗೆ ಮುಂಚೆ ಅವಳು ಬೇಕರಿಯ ವ್ಯಾನ್ ಓಡಿಸುತ್ತಿದ್ದಳು. ಮಗಳು ಹೊಟ್ಟೆಗೆ ಬಂದಾಗಿನಿಂದ ಏಳು ವರ್ಷ ಮನೆಯಲ್ಲಿದ್ದಳು. ಮಗಳಿಗೆ ಈಗ ಆರು ತುಂಬಿದೆ, ಗುಬ್ಬಿ ಅನ್ನುತ್ತೇವೆ. ಎರಡು ವರ್ಷದ ಮಗನನ್ನು ಪುಟ್ಟ ಅನ್ನುತ್ತೇವೆ. ಈ ಚಳಿಗಾಲದಲ್ಲಿ ಬಸ್ ಡಿಪೋದವರು ಅವಳನ್ನು ಡ್ರೈವರ್ ಕೆಲಸಕ್ಕೆ ಕರೆದರು. ಮೊದಲ ಮೂರು ತಿಂಗಳು ತರಬೇತಿ. ಬೆಳಗಿನ ಐದಕ್ಕೆ ಡಿಪೋದಲ್ಲಿರಬೇಕು, ಮನೆಗೆ ಬರುವುದು ಮಧ್ಯಾಹ್ನ ಮೂರಕ್ಕೆ. ತಮ್ಮನ ಕೆಲಸವೋ, ಎಲ್ಲಿ ಯಾರು ಲಿಫ್ಟಿನಲ್ಲಿ ಸಿಕ್ಕಿಕೊಂಡರೂ ಊಟದ ತಟ್ಟೆ ಬಿಟ್ಟು ಓಡಬೇಕು. ಎರಡೂ ಒಟ್ಟಿಗೆ ಸಾಗುವಂತಿರಲಿಲ್ಲ.

"ನೀನು ಕೆಲಸ ಬಿಟ್ಟು ಮನೇಲಿ ಕೂತರೆ ಜನ ಏನಂತಾರೋ?" ಎಂದೆ.

"ಅವಳು ಏಳು ವರ್ಷ ಮನೇಲಿದ್ದಾಗ ಜನ ಏನೂ ಅನ್ಲಿಲ್ವಲ್ಲಕ್ಕಾ" ಎಂದ.

ನಾನು ತಪ್ಪಾಗಿ ಕೂಡಿಸಿದ್ದ ಕೋಟಿನ ತೋಳನ್ನು ಬಿಚ್ಚತೊಡಗಿದೆ.

ಅವನ ಮೇಸ್ತ್ರಿ ಒಳ್ಳೆಯ ಮನುಷ್ಯ. "ಮೂರು ತಿಂಗಳು ನಿನ್ನ ಜಾಗಕ್ಕೆ ಬೇರೆ ಯಾರನ್ನೂ ತಗೊಳ್ಳಲ್ಲ. ಸಲಕರಣೆ ಚೀಲ ನಿನ್ನ ಹತ್ರಾನೇ ಇರಲಿ. ಒಂದು ತಿಂಗಳಲ್ಲಿ ಸಾಕಪ್ಪಾ ಅಂತ ನೀನೇ ಓಡಿ ಬರ್ತೀಯ" ಎಂದು ಬೆನ್ನು ತಟ್ಟಿ ಕಳಿಸಿದ. ಬೀದಿಯ ಕ್ಷೌರದಂಗಡಿಯವನು ಸುಮ್ಮನಿದ್ದಾನೆಯೇ? "ಏನ್ ಲಿಫ್ಟಣ್ಣಾ, ಊರನ್ನೆಲ್ಲ ಮೇಲೆ ಕಳಿಸಿ ನೀನು ಕೆಳಗೇ ನಿಂತುಬಿಟ್ಯಾ?" ಎಂದು ಕೆಣಕಿದ. ತಮ್ಮ ಪುಟ್ಟನನ್ನು ಹೆಗಲಿಗೇರಿಸಿಕೊಂಡು, "ಇವನನ್ನ ಮೇಲೆ ಕಳಿಸ್ತಿದ್ದೀನಲ್ಲ" ಎಂದು ನಕ್ಕು ಮುಂದೆ ಹೋದ.

ಮೊದಲ ವಾರ ಮೂರು ಸಲ ಹಾಲು ಉಕ್ಕಿತು. ಗುಬ್ಬಿಯ ಜಡೆಯನ್ನು ಲಿಫ್ಟಿನ ಉಕ್ಕಿನ ಹಗ್ಗ ಹೊಸೆಯುವ ಹಾಗೆ ಹೆಣೆದ. ಎರಡು ದಿನವಾದರೂ ಸಡಿಲಾಗಲಿಲ್ಲ, ಬಿಚ್ಚಲು ನಾನೇ ಹೋಗಬೇಕಾಯಿತು. ಆದರೆ ಕಲಿತ. ಮನೆಯ ಬಾಗಿಲುಗಳ ಕಿರುಗುಟ್ಟುವಿಕೆ ನಿಂತಿತು. ಪುಟ್ಟನಂತೂ ಅಪ್ಪನ ಕಾಲಿಗೆ ಅಂಟಿಕೊಂಡುಬಿಟ್ಟ. ಒಂದು ತಿಂಗಳಾದರೂ ತಮ್ಮ ಕೆಲಸಕ್ಕೆ ವಾಪಸ್ ಓಡಲಿಲ್ಲ. ಕಷ್ಟವಿದ್ದದ್ದು ಗುಬ್ಬಿಯದು.

ಗುಬ್ಬಿ ಶಾಲೆಯಿಂದ ಹನ್ನೆರಡಕ್ಕೆ ಬರುತ್ತಾಳೆ. ಬಂದವಳು ಊಟ ಮುಗಿಸಿ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಬೂಟು ಕೂಡ ಬಿಚ್ಚುತ್ತಿರಲಿಲ್ಲ. ಮೂರರವರೆಗೆ ಬಸ್ ನಿಲ್ದಾಣದ ಕಡೆಗೇ ಕಣ್ಣು. ಅಳುವುದಿಲ್ಲ, ಹಠ ಮಾಡುವುದಿಲ್ಲ, ಅಪ್ಪ ಕರೆದರೆ "ಬೇಡ" ಎನ್ನುತ್ತಾಳೆ, ಅಷ್ಟೆ. ತಮ್ಮ ಒಳಗಿಂದ ಹೊರಗೆ, ಹೊರಗಿಂದ ಒಳಗೆ ತಿರುಗುತ್ತ ಕೇಳುತ್ತಿದ್ದ: "ಹಸಿವಾ ಕಂದಾ? ಬೇಜಾರಾ? ಅಮ್ಮ ನೆನಪಾದಳಾ? ಎಲ್ಲಾದರೂ ನೋವಾ?" ಅರ್ಧ ಗಂಟೆಗೊಮ್ಮೆ ಅದೇ ಪ್ರಶ್ನೆ.

ಒಂದು ಸಂಜೆ ಅವನ ಹೆಂಡತಿ, ಕೆಲಸದ ಅಂಗಿಗೆ ಗುಂಡಿ ಹಾಕಿಸಿಕೊಳ್ಳಲು ಬಂದವಳು, ನನ್ನ ಮಿಷನ್ ಪಕ್ಕ ನಿಂತು ಹೇಳಿದಳು: "ಅತ್ತಿಗೆ, ಬಸ್ಸು ಆ ತಿರುವಿಗೆ ಬರುವಾಗಲೇ ಅವಳು ಕಾಣ್ತಾಳೆ. ದಿನಾ ಅಲ್ಲೇ ಕೂತಿರ್ತಾಳೆ. ನನ್ನ ಕೈಲಾಗಲ್ಲ. ಮೂರು ತಿಂಗಳು ಮುಗಿಯೋ ದಿನಾನೂ ಅವಳು ಹೀಗೇ ಕೂತಿದ್ದರೆ ನಾನು ಕೆಲಸ ಬಿಡ್ತೀನಿ. ಇವರು ವಾಪಸ್ ಲಿಫ್ಟಿಗೆ ಹೋಗಲಿ. ಇವರಿಗೂ ಹೇಳಿದ್ದೀನಿ."

ಬಸ್ಸಿನ ಸ್ಟೀರಿಂಗ್ ಹಿಡಿದು ಬಂದ ದಿನದಿಂದ ಆ ಹುಡುಗಿಯ ನಡಿಗೆಯೇ ಬದಲಾಗಿತ್ತು. ಅದನ್ನು ಕಂಡಿದ್ದ ನನಗೆ ಅವಳು ಮತ್ತೆ ಮನೆ ಸೇರುವುದು ಬೇಕಿರಲಿಲ್ಲ. ನಾನೇ ಮೊದಲು ಬೇಡ ಅಂದವಳು, ಒಪ್ಪುತ್ತೇನೆ.

ಗಾಳಿ ಬೆಚ್ಚಗಾಗಿ ಗಿಡಗಳು ಚಿಗುರತೊಡಗಿದಾಗ ತಮ್ಮ ಹಿತ್ತಿಲಿಗೆ ಇಳಿದ. ಹಿತ್ತಿಲು ಎಂದರೆ ಗೋಡೆಯ ಪಕ್ಕ ನಾಲ್ಕು ಹೆಜ್ಜೆ ಅಗಲದ ಜಾಗ, ತುಂಬಾ ಇಟ್ಟಿಗೆ ಚೂರು. ಅದನ್ನೆಲ್ಲ ಆರಿಸಿ, ಅಗೆದು, ಗೊಬ್ಬರ ಬೆರೆಸಿದ. ಆಮೇಲೆ ಚೀಲದಿಂದ ಮಟ್ಟಗೋಲು ತೆಗೆದು ಮಣ್ಣಿನ ಮೇಲಿಟ್ಟು ಪಾತಿಯನ್ನು ಸಮ ಮಾಡಿದ! ಬಟಾಣಿ ಬೀಜ ಕೊಟ್ಟವಳು ನಾನೇ. ಅವತ್ತು ಮೊದಲ ಬಾರಿಗೆ ಗುಬ್ಬಿ ಹೊಸ್ತಿಲು ಬಿಟ್ಟು ಎದ್ದು ಬಂದಳು. ಇಪ್ಪತ್ತನಾಲ್ಕು ಬೀಜ ಎಣಿಸಿ, ಬೆರಳಲ್ಲಿ ಒತ್ತಿ, ಮಣ್ಣು ಮುಚ್ಚಿದಳು. ನಾನು ಮಿಷನ್ ಬಿಟ್ಟು ಹಿತ್ತಿಲ ಗೋಡೆಯ ಮೇಲಿಂದ ಇಣುಕಿ ನೋಡಿದೆ.

ಇಲ್ಲೇ ನನ್ನ ತಮ್ಮ ಎಡವಿದ್ದು. ಲಿಫ್ಟಿನವರು ಕಣ್ಣಿಗೆ ಕಾಣದ್ದನ್ನು ನಂಬುವುದಿಲ್ಲ. ಹಲಗೆ ಬಿಚ್ಚಿ, ದೀಪ ಹಿಡಿದು, ಮುಟ್ಟಿ ನೋಡಿದರೇ ಅವರಿಗೆ ಸಮಾಧಾನ. ಹಾಗೆ ನೋಡುವವರು ಇರುವುದರಿಂದಲೇ ನಾವೆಲ್ಲ ಕ್ಷೇಮವಾಗಿ ಹತ್ತಿ ಇಳಿಯುತ್ತೇವೆ. ಅದೇ ಬುದ್ಧಿಯನ್ನು ಅವನು ಬಟಾಣಿಗೂ ತೋರಿಸಿದ. ನಾಲ್ಕನೆಯ ದಿನದಿಂದ, ಗುಬ್ಬಿ ಶಾಲೆಗೆ ಹೋದ ಮೇಲೆ, ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದೇ ಬೀಜ ಎಬ್ಬಿಸಿ ನೋಡುವುದು, ಮತ್ತೆ ಮುಚ್ಚುವುದು.

ಹತ್ತನೆಯ ದಿನ ನಾನು ನೋಡಿಬಿಟ್ಟೆ. "ಏನೋ ಮಾಡ್ತಿದ್ದೀಯ?"

"ತಪಾಸಣೆ ಅಕ್ಕಾ. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರಲ್ಲ. ಮೊಳಕೆ ನೋಡದೆ ಹೇಗೆ ಗೊತ್ತಾಗತ್ತೆ?"

ಅವನ ಅಂಗೈಯಲ್ಲಿದ್ದ ಬೀಜದಿಂದ ಒಂದು ಬಿಳಿ ಬೇರು ಹೊರಟಿತ್ತು. ತುದಿ ಮುರಿದು ಕಪ್ಪಾಗಿತ್ತು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಹಾಗೆಯೇ. ಶಾಲೆಯಿಂದ ಬಂದು ನನ್ನ ಹಿಂದೆ ನಿಂತಿದ್ದ ಗುಬ್ಬಿ ಅದನ್ನು ನೋಡಿದಳು. ಹೋಗಿ ಹೊಸ್ತಿಲ ಮೇಲೆ ಕೂತಳು.

ನನಗೆ ತಡೆಯಲಾಗಲಿಲ್ಲ. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳ್ತಾರಾ? ಬೀಜ ಹಾಳಾಗಲಿ, ಬೇರೆ ಕೊಡ್ತೀನಿ. ಆ ಮಗೂನೂ ನೀನು ದಿನಕ್ಕೆ ಹತ್ತು ಸಲ ಕೆದಕಿ ನೋಡ್ತಿದ್ದೀಯಲ್ಲೋ! ಹಸಿವಾ, ಬೇಜಾರಾ, ನೋವಾ ಅಂತ. ಸ್ವಲ್ಪ ಬಿಡು ಅದನ್ನ."

ಅವನು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ. ನಂತರ ಹೋಗಿ ಗುಬ್ಬಿಯ ಪಕ್ಕ ಹೊಸ್ತಿಲ ಮೇಲೆ ಕೂತ. "ತಪ್ಪು ನಂದೇ" ಎಂದ. ಮತ್ತೇನನ್ನೂ ಕೇಳಲಿಲ್ಲ. ಮಗಳ ಎದುರಿಗೆ ಹಾಗೆ ಒಪ್ಪಿಕೊಂಡ ಗಂಡಸರನ್ನು ನಾನು ಹೆಚ್ಚು ನೋಡಿಲ್ಲ.

ಆವತ್ತಿನಿಂದ ಅವನು ಊಟವಾದ ಮೇಲೆ ಅವಳ ಪಕ್ಕ ಕೂತು ಚೀಲದ ಸಾಮಾನುಗಳನ್ನು ಒರೆಸತೊಡಗಿದ. ಹೊಸ್ತಿಲಿನ ಕೆಳಗೆ ಪುಟ್ಟ ಮಣ್ಣು ತಿನ್ನುತ್ತ ಆಡುತ್ತಿದ್ದ. ಕೆಲವು ದಿನ ಕಳೆದ ಮೇಲೆ ಗುಬ್ಬಿಯೇ ಬಾಯಿ ಬಿಟ್ಟಳು. ಚೀಲದೊಳಗಿನ ಕೆಂಪು ಬೀಗ ತೋರಿಸಿ, "ಇದು ಯಾಕೆ?" ಎಂದಳು.

"ಲಿಫ್ಟಿನ ಗುಂಡಿಯೊಳಗೆ ಇಳಿಯೋ ಮುಂಚೆ ಕರೆಂಟ್ ಆರಿಸಿ ಈ ಬೀಗ ಹಾಕ್ತೀವಿ. ಜೊತೆಗೆ ಈ ಚೀಟಿ. 'ಕೆಲಸ ನಡೆಯುತ್ತಿದೆ, ಮುಟ್ಟಬೇಡಿ' ಅಂತ ಬರೆದಿದೆ ನೋಡು, ಕೆಳಗೆ ಹಾಕಿದವರ ಹೆಸರು. ಬೀಗದ ಕೈ ಅವರ ಜೇಬಲ್ಲೇ ಇರಬೇಕು. ಹಾಕಿದವರೇ ತೆಗೀಬೇಕು."

"ನೀನು ತೆಗೆದರೆ?"

"ಬೇರೆಯವರ ಬೀಗ ನಾನು ಹದಿನೆಂಟು ವರ್ಷದಲ್ಲಿ ಒಂದು ಸಲಾನೂ ಮುಟ್ಟಿಲ್ಲ. ಒಳಗೆ ಇರೋರ ಜೀವ ಅದು."

ಗುಬ್ಬಿ ಯೋಚಿಸಿದಳು. ನನ್ನ ಹತ್ತಿರ ಬಂದು, "ಅತ್ತೆ, ಇನ್ನೊಂದು ಹಿಡಿ ಬೀಜ ಕೊಡ್ತೀಯಾ?" ಎಂದಳು. ಮೂರು ತಿಂಗಳು ಮುಗಿಯಲು ಹನ್ನೊಂದು ದಿನವಿತ್ತು. ಅವಳೇ ಬಿತ್ತಿದಳು, ಅವಳೇ ನೀರು ಹಾಕಿದಳು. ಆಮೇಲೆ ಅಪ್ಪನಿಂದ ಪಾತಿಯ ನಾಲ್ಕು ಮೂಲೆಗೂ ಗೂಟ ನೆಡಿಸಿ, ದಾರ ಸುತ್ತಿಸಿ, ದಾರದ ಎರಡು ತುದಿಯ ಕುಣಿಕೆಗಳಿಗೆ ಆ ಕೆಂಪು ಬೀಗ ಜಡಿದಳು. ಚೀಟಿಯಲ್ಲಿದ್ದ ಅಪ್ಪನ ಹೆಸರನ್ನು ಅಳಿಸಿ ಒಂದು ಗುಬ್ಬಿಯ ಚಿತ್ರ ಬರೆದಳು. ಬೀಗದ ಕೈ ಅವಳ ಫ್ರಾಕಿನ ಜೇಬು ಸೇರಿತು.

ಅದು ಬರೀ ದಾರ. ಮೊಣಕಾಲೆತ್ತರವೂ ಇರಲಿಲ್ಲ, ಪುಟ್ಟನಿಗೂ ದಾಟಲು ಬರುತ್ತಿತ್ತು. ಆದರೆ ನನ್ನ ತಮ್ಮ ದಾಟಲಿಲ್ಲ. ಮಗಳು ಶಾಲೆಯಲ್ಲಿದ್ದಾಗ ದಾರದ ಈಚೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ, ಕತ್ತು ಚಾಚುತ್ತಿದ್ದ, ಎದ್ದು ಎರಡು ಸುತ್ತು ಹಾಕಿ ಮತ್ತೆ ಕೂರುತ್ತಿದ್ದ. ಏಳು ದಿನ, ಎಂಟು, ಒಂಬತ್ತು. ಮಣ್ಣು ಬರೀ ಮಣ್ಣಾಗಿಯೇ ಇತ್ತು. "ಅಕ್ಕಾ, ಒಳಗೆ ಏನಾಗ್ತಿದೆಯೋ ಗೊತ್ತಾಗ್ತಿಲ್ವಲ್ಲ" ಎಂದು ಚಡಪಡಿಸುತ್ತಿದ್ದ. ಕೈ ಮಾತ್ರ ದಾರದ ಈಚೆಗೇ. ಯಾರೂ ನೋಡದಿದ್ದಾಗಲೂ ಮಗಳ ಮಾತಿಗೆ ಅವನು ಕೊಟ್ಟ ಬೆಲೆ ನೋಡಿ ನನಗೆ ಅವನ ಮೇಲೆ ಹೆಮ್ಮೆ ಉಕ್ಕಿ ಬಂತು. ಅವನನ್ನು ಬೆಳೆಸಿದ್ದು ಸಾರ್ಥಕವಾಯಿತು ಅನ್ನಿಸಿತು.

ಹನ್ನೊಂದನೆಯ ದಿನ ಬಂತು. ಅವತ್ತು ಬೆಳಿಗ್ಗೆ ಹೊರಡುವಾಗಲೇ ಅವನ ಹೆಂಡತಿ ಕೆಲಸ ಬಿಡುವ ಕಾಗದ ಬರೆದು ಜೇಬಿನಲ್ಲಿಟ್ಟುಕೊಂಡಿದ್ದಳು. ಸಂಜೆ ನಾಲ್ಕಕ್ಕೆ ಮೇಸ್ತ್ರಿ ಉತ್ತರ ಕೇಳಲು ಬರುವವನಿದ್ದ. ನನ್ನ ಮಿಷನ್ ಓಡಲಿಲ್ಲ. ಸೂಜಿಗೆ ದಾರ ಪೋಣಿಸುವ ನೆಪ ಮಾಡುತ್ತ ಮೂರು ಗಂಟೆಯಾಗುವುದನ್ನೇ ಕಾದೆ.

ಅವಳು ತಿರುವಿನಿಂದ ನಡೆದು ಬಂದಳು. ಬಾಗಿಲ ಹತ್ತಿರ ಬಂದವಳು ಗಕ್ಕನೆ ನಿಂತಳು. ಹೊಸ್ತಿಲ ಮೇಲೆ ಯಾರೂ ಇರಲಿಲ್ಲ. ಗುಬ್ಬಿಯ ಬೂಟು ಮಾತ್ರ ಒಳಗೆ ಗೋಡೆಗೆ ಒರಗಿ ಜೋಡಿಯಾಗಿ ನಿಂತಿತ್ತು.

"ಅತ್ತಿಗೆ, ಗುಬ್ಬಿ ಎಲ್ಲಿ?" ಎಂದವಳ ದನಿ ಹೆದರಿತ್ತು. ಇಬ್ಬರೂ ಹಿತ್ತಿಲಿಗೆ ಓಡಿದೆವು.

ಅಪ್ಪ ಮಗಳು ಪಾತಿಯ ಆಚೆಗೊಬ್ಬರು ಈಚೆಗೊಬ್ಬರು ಬೋರಲಾಗಿ ಮಲಗಿದ್ದರು. ಪುಟ್ಟ ಅಪ್ಪನ ಬೆನ್ನಿನ ಮೇಲೆ. ಮಣ್ಣು ಬಿರಿದು ಕೊಕ್ಕೆಯಂತೆ ಬಾಗಿದ ಹಸಿರು ಮೊಳಕೆಗಳು ತಲೆ ಎತ್ತಿದ್ದವು, ಹತ್ತೋ ಹನ್ನೆರಡೋ. ಗುಬ್ಬಿ ತಲೆ ಎತ್ತಲಿಲ್ಲ. "ಅಮ್ಮಾ, ಅಲ್ಲೇ ನಿಲ್ಲು, ದಾರ ತುಳೀಬೇಡ. ನಾವು ಎಣಿಸ್ತಿದ್ದೀವಿ. ಅಪ್ಪಾ, ಆ ಮೂಲೇದು ನೀನು ಹೇಳು."

ಅವಳಮ್ಮ ದಾರದ ಈಚೆಗೇ ನಿಂತಳು. ಆಮೇಲೆ ಹಿಂದಕ್ಕೆ ಬಂದು ಖಾಲಿ ಹೊಸ್ತಿಲ ಮೇಲೆ ತಾನೇ ಕೂತಳು, ಮಗಳು ಕೂರುತ್ತಿದ್ದ ಜಾಗದಲ್ಲೇ. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಏನಾಯ್ತೇ?"

"ಏನಿಲ್ಲ ಅತ್ತಿಗೆ. ನನಗೋಸ್ಕರ ಯಾರೂ ಕಾಯ್ತಾ ಇರ್ಲಿಲ್ಲ" ಎಂದಳು. ಜೇಬಿನಿಂದ ಕಾಗದ ತೆಗೆದು ನಾಲ್ಕು ಚೂರು ಮಾಡಿ ನನ್ನ ಕೈಗೆ ಹಾಕಿದಳು.

ನಾಲ್ಕಕ್ಕೆ ಮೇಸ್ತ್ರಿ ಬಂದ. ತಮ್ಮ ಎದ್ದು ಮಣ್ಣು ಕೊಡವಿಕೊಂಡು ಚೀಲ ತಂದು ಅವನ ಮುಂದಿಟ್ಟ. "ನಾನು ಬರಲ್ಲ ಮೇಸ್ತ್ರಿ. ಬೇರೆಯವರನ್ನ ತಗೊಳ್ಳಿ."

ಮೇಸ್ತ್ರಿ ಒಂದು ಕ್ಷಣ ಅವನ ಮುಖ ನೋಡಿ, ಹಳೆಯ ಅಭ್ಯಾಸದಂತೆ ಚೀಲ ಬಿಚ್ಚಿ ಸಾಮಾನು ಎಣಿಸಿದ. "ಎಲ್ಲಾ ಸರಿ ಇದೆ. ಬೀಗ ಒಂದು ಕಾಣ್ತಿಲ್ಲ."

ತಮ್ಮ ಪಾತಿಯ ಕಡೆ ಕೈ ತೋರಿಸಿದ. ಮೇಸ್ತ್ರಿ ಅತ್ತ ಎರಡು ಹೆಜ್ಜೆ ಇಟ್ಟು ಬಗ್ಗಿದ. ಕೆಂಪು ಬೀಗ ಕಂಡ, ಚೀಟಿ ಓದಿದ, ಗುಬ್ಬಿಯ ಚಿತ್ರ ನೋಡಿದ. ಚಾಚಿದ ಕೈ ತಾನಾಗಿಯೇ ಹಿಂದಕ್ಕೆ ಬಂತು. ನೆಲದ ಮೇಲೆ ಇನ್ನೂ ಬೋರಲಾಗಿದ್ದ ಹುಡುಗಿಯನ್ನು ಅವನು ತನ್ನ ಕೆಲಸಗಾರರನ್ನು ಕೇಳುವ ಗಂಭೀರ ದನಿಯಲ್ಲೇ ಕೇಳಿದ:

"ಬೀಗ ನಿಮ್ಮದೇನಮ್ಮಾ? ಯಾವಾಗ ತೆಗೀತೀರಾ?"

ಗುಬ್ಬಿ ಜೇಬು ಮುಟ್ಟಿ ನೋಡಿಕೊಂಡಳು. "ಇನ್ನೂ ಎಲ್ಲಾರೂ ಹೊರಗೆ ಬಂದಿಲ್ಲ" ಎಂದಳು.

"ಹಾಗಾದ್ರೆ ಸರಿ" ಎಂದು ಮೇಸ್ತ್ರಿ ಚೀಲ ಹೆಗಲಿಗೇರಿಸಿ, ಬೀಗ ಬಿಟ್ಟು ಹೊರಟುಹೋದ.