ನೋಡುವವರ ತಾಲೀಮು

ಮಗಳ ಶಾಲೆಯಲ್ಲಿ ನಾಟಕ ಕಲಿಸುವ ಮಿಸ್‌ಗೆ ನಾವು ಅಪ್ಪ ಅಮ್ಮಂದಿರು ಇಟ್ಟಿರುವ ಹೆಸರು ಸುಮ್ನಿರಿ ಮಿಸ್. ಮಕ್ಕಳಿಗೆ ತಾಲೀಮು ಮಾಡಿಸುವುದಿರಲಿ, ನಾಟಕ ನೋಡುವ ನಮಗೂ ಮಾಡಿಸುತ್ತಾರೆ. ಅರ್ಧ ದಿನ ರಜೆ ಹಾಕಿ ಬಂದವರು, ಒಲೆ ಆರಿಸಿದೆನೋ ಇಲ್ಲವೋ ಎಂದು ಚಡಪಡಿಸುವವರು, ಎಲ್ಲರೂ ಸಭಾಂಗಣದ ಕಬ್ಬಿಣದ ಕುರ್ಚಿಗಳಲ್ಲಿ ಕೂರಬೇಕು. ವೇದಿಕೆಯ ಮೇಲೆ ಒಂದು ಮಗು ಬೇಕೆಂದೇ ಮಾತು ಮರೆತು ನಿಲ್ಲುತ್ತದೆ. ನಾವು ಕಾಯಬೇಕು. ಪಿಸುಗುಟ್ಟಿ ನೆನಪಿಸುವ ಹಾಗಿಲ್ಲ. ಅಯ್ಯೋ ಪಾಪ ಅನ್ನುವ ಹಾಗಂತೂ ಇಲ್ಲವೇ ಇಲ್ಲ. ಪಕ್ಕದವರನ್ನು ನೋಡಿದರೆ ನಗು ಬರುತ್ತದೆ, ಮಗುವಿನ ಮುಖ ನೋಡಿ ಅನ್ನುತ್ತಾರೆ ಮಿಸ್. ಮಕ್ಕಳಿಗಂತೂ ಇದು ಮೈಗೂಡಿಬಿಟ್ಟಿದೆ. ತರಗತಿಯಲ್ಲಿ ಯಾರಾದರೂ ಓದುತ್ತ ತಡವರಿಸಿದರೂ ಉಳಿದವರು ಅವರ ಕಡೆ ತಿರುಗಿ ಸುಮ್ಮನೆ ಕಾಯುತ್ತಾರಂತೆ.

ಈ ಸಲದ ನಾಟಕದಲ್ಲಿ ನನ್ನ ಪುಟ್ಟಿ ಗುಬ್ಬಿ. ಅವಳಿಗಿರುವುದು ಒಂದೇ ಮಾತು: "ರೈತಣ್ಣ, ಮರಿಗೆ ಹಸಿವು, ಕಾಳು ಕೊಡು." ಅವಳ ನಾಲಿಗೆಗೆ ಳ ಹೊರಳುವುದಿಲ್ಲ. ಮನೆಯಲ್ಲಿ "ಕಾಲು ಕೊಡು" ಅಂದಾಗಲೆಲ್ಲ ನಮ್ಮವರು ಮಂಚದಿಂದ ಕಾಲು ಚಾಚಿ, "ತಗೋ, ಎರಡೂ ನಿಂದೇ" ಅನ್ನುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮೊದಮೊದಲು ಅವಳೂ ನಗುತ್ತಿದ್ದಳು. ಆಮೇಲೆ ಮನೆಯಲ್ಲಿ ಆ ಮಾತು ಹೇಳುವುದನ್ನೇ ಬಿಟ್ಟಳು.

ರೆಕ್ಕೆ ಹೊಲಿಯಲು ಶಾಲೆಗೆ ಹೋದಾಗ ಮಿಸ್‌ಗೆ ಇದನ್ನು ತಮಾಷೆಯಾಗಿಯೇ ಹೇಳಿ, ಕಾಳು ತೆಗೆದು ಅಕ್ಕಿ ಅಂತ ಮಾಡಿಬಿಡಿ ಎಂದೆ. ಅವರ ಕೈಯಲ್ಲಿದ್ದ ಸೂಜಿ ನಿಂತಿತು. ಅವರು ತಮ್ಮ ತಂಗಿಯ ವಿಷಯ ಹೇಳಿದ್ದು ಆಗಲೇ. ತಂಗಿ ಚಿಕ್ಕವಳಿದ್ದಾಗ ಶಾಲೆಯ ನಾಟಕದಲ್ಲಿ ರಾಣಿಯಾಗಿದ್ದಳಂತೆ. "ನನ್ನ ಮಗನಿಗೆ ಬಾಳು ಕೊಡಿ" ಅನ್ನುವ ಕಡೆ "ಬಾಲು ಕೊಡಿ" ಅಂದುಬಿಟ್ಟಳು. ಬಾಲ ಎಂದೇ ಕೇಳಿಸಿಕೊಂಡ ಸಭೆ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಶಾಲೆಯಲ್ಲಿ ಅವಳ ಹೆಸರೇ ಬಾಲ.

ಅಕ್ಕ ತಂಗಿ ಈಗಲೂ ಒಂದೇ ಮನೆಯಲ್ಲಿದ್ದಾರೆ. ಯಾರಾದರೂ ಬಾಗಿಲು ತಟ್ಟಿದರೆ ತಂಗಿ ಒಳಕೋಣೆ ಸೇರುತ್ತಾರೆ. ಳ ಇರುವ ಮಾತನ್ನು ಇವತ್ತಿಗೂ ಆಡುವುದಿಲ್ಲ. ಮಳೆ ಅನ್ನುವುದಿಲ್ಲ, ನೀರು ಬರುತ್ತಿದೆ ಅನ್ನುತ್ತಾರೆ. ನಾಳೆ ಅನ್ನಬೇಕಾದಲ್ಲಿ ಇವತ್ತಲ್ಲ ಅನ್ನುತ್ತಾರೆ.

"ಮೊದಲು ನಕ್ಕಿದ್ದು ಯಾರು ಗೊತ್ತಾ?" ಎಂದರು ಮಿಸ್. "ನಮ್ಮಮ್ಮ. ಮುಂದಿನ ಸಾಲಲ್ಲಿ ಕೂತಿದ್ರು. ಮುದ್ದು ಬಂದು ನಕ್ಕಿದ್ದು, ಅಷ್ಟೇ. ಸಾಯೋವರೆಗೂ ಕೊರಗಿದ್ರು."

ಕಾಳು ಕಾಳಾಗಿಯೇ ಉಳಿಯಿತು. ತೆಗೆದರೆ ಆ ಅಕ್ಷರ ಪುಟ್ಟಿಗೂ ಭೂತವಾಗುತ್ತದೆ ಎಂದರು.

ನಾಟಕದ ದಿನ ನನಗೂ ಮುಂದಿನ ಸಾಲೇ ಸಿಕ್ಕಿತು. ಪುಟ್ಟಿ ರೆಕ್ಕೆ ಬಡಿಯುತ್ತ ಬಂದು, "ರೈತಣ್ಣ, ಮರಿಗೆ ಹಸಿವು" ಅಂದು ನಿಂತಳು. ಬಾಯಿ ತೆರೆದೇ ಇತ್ತು. ನಾಲಿಗೆ ಮೇಲಕ್ಕೆ ಮಡಿಸಲು ಒದ್ದಾಡುತ್ತಿದ್ದುದು ನನಗೆ ಕಾಣುತ್ತಿತ್ತು. ತುಂಬಿದ ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ರೈತನ ವೇಷದ ಹುಡುಗಿ ಬುಟ್ಟಿ ಹಿಡಿದು, ಯಾವ ಅವಸರವೂ ಇಲ್ಲದವಳ ಹಾಗೆ ಅವಳನ್ನೇ ನೋಡುತ್ತಿದ್ದಳು.

"ಕಾಲು ಕೊಡು" ಅಂದಳು ಪುಟ್ಟಿ, ಗಟ್ಟಿಯಾಗಿ.

ನನ್ನ ಗಂಟಲಿಗೆ ನಗು ಬಂತು. ಅಷ್ಟು ಮುದ್ದು. ತುಟಿ ಕಚ್ಚಿ ಅವಳ ಮುಖವನ್ನೇ ನೋಡಿದೆ. ರೈತ ಬೊಗಸೆ ತುಂಬ ಕಾಳು ಸುರಿದಳು, ನಾಟಕ ಮುಂದೆ ಹೋಯಿತು.

ಮುಗಿದ ಮೇಲೆ ಮಿಸ್ ಪರದೆಯ ಪಕ್ಕದಿಂದ ನೇರ ನನ್ನ ಹತ್ತಿರ ಬಂದರು. ಮುಖ ಬಿಳಿಚಿಕೊಂಡಿತ್ತು.

"ಈ ಸಾಲಲ್ಲಿ ನಕ್ಕಿದ್ಯಾರು?"

"ಯಾರೂ ನಗಲಿಲ್ಲ ಮಿಸ್."

"ಹೆಂಗಸಿನ ದನಿ. ನಂಗೆ ಕೇಳಿಸ್ತು."

ಅವರ ಕೈ ಹಿಡಿದುಕೊಂಡೆ. ನಾನು ನುಂಗಿದ ನಗುವೇ ಅವರಿಗೆ ಕೇಳಿಸಿತೇನೋ ಅನ್ನಿಸಿತು. ಅಷ್ಟರಲ್ಲಿ ಪುಟ್ಟಿ ರೆಕ್ಕೆ ಎಳೆದುಕೊಂಡು ಓಡಿಬಂದಳು.

"ಮಿಸ್, ನಾಲೆನೂ ನಾಟಕ ಇದ್ಯಾ?"

ಮಿಸ್ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಇನ್ನೊಂದು ಸಲ ಹೇಳು ಎಂದರು. ಅವಳು ಹೇಳಿದಳು. ಮತ್ತೂ ಒಂದು ಸಲ ಹೇಳಿಸಿದರು. ಅವರ ಕಣ್ಣು ಮಾತ್ರ ಖಾಲಿಯಾಗುತ್ತಿದ್ದ ಮುಂದಿನ ಸಾಲಿನ ಕುರ್ಚಿಗಳ ಮೇಲೇ ಇತ್ತು.