ಬೇರೆಯವರ ಉತ್ತರ ಬರೆದ ಕೈ

ಬೆಳಗಿನ ಐದೂಕಾಲು. ಅಡುಗೆಮನೆಯ ಕಿಟಕಿ ಮುಚ್ಚಿದೆ, ಫ್ಯಾನ್ ನಿಂತಿದೆ, ಗುರ್ರೆನ್ನುವ ಹಳೇ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತಿಟ್ಟಾಗಿದೆ. ಮೇಜಿನ ಮೇಲೆ ಮಡಿಸಿದ ಟವೆಲ್, ಅದರ ಮೇಲೆ ಮೊಬೈಲು, ಎದುರಿಗೆ ಎಂಟುನೂರು ಪುಟಗಳ ಹಣಕಾಸು ನಿರ್ವಹಣೆಯ ಪುಸ್ತಕ. ನಲವತ್ತಮೂರು ವರ್ಷದ ಹೆಂಗಸೊಬ್ಬರು ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಾರೆ.

"ಪುಟ ಇನ್ನೂರ ಹನ್ನೊಂದು. ಇಲ್ಲೊಂದು ಕೋಷ್ಟಕ ಇದೆ. ನಾಲ್ಕು ಸಾಲು, ಮೂರು ಕಾಲಂ. ನಿಧಾನಕ್ಕೆ ಹೇಳ್ತೀನಿ, ಮನಸ್ಸಲ್ಲೇ ಗೆರೆ ಹಾಕ್ಕೊಳ್ಳಿ."

ಕಣ್ಣು ಕಾಣದ ಎಂಬಿಎ ವಿದ್ಯಾರ್ಥಿಗಳಿಗೆ ಪಠ್ಯ ಓದಿ ಧ್ವನಿಮುದ್ರಿಸಿ ಕೊಡುವುದು, ಪರೀಕ್ಷೆಯಲ್ಲಿ ಅವರು ಹೇಳಿದ ಉತ್ತರ ಬರೆದುಕೊಡುವುದು ಇವರು ಮಾಡಿಕೊಂಡು ಬಂದ ಕೆಲಸ. ಕಾಲೇಜಿನಲ್ಲಿ ಎಲ್ಲರಿಗೂ ಇವರು 'ಬರೆಯೋ ಅಕ್ಕ'. ಹದಿನಾರು ವರ್ಷ, ಒಂಬತ್ತು ವಿದ್ಯಾರ್ಥಿಗಳು, ನೂರ ಮೂವತ್ತೊಂದು ಪರೀಕ್ಷೆ. ಬಲಗೈ ನಡುಬೆರಳಿನಲ್ಲಿ ಪೆನ್ನು ಒತ್ತಿ ಒತ್ತಿ ಹುಣಸೆಬೀಜದಷ್ಟು ಗಂಟು ಬಿದ್ದಿದೆ. ಹತ್ತು ಗಂಟೆಗೆ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಹಾಜರಾಗಬೇಕು. ಹಾಗಾಗಿ ಓದುವುದೇನಿದ್ದರೂ ಮುಂಜಾನೆಯೇ, ದಿನಕ್ಕೆ ಇಪ್ಪತ್ತು ಪುಟ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ ಮುಸುಕಿನೊಳಗಿಂದಲೇ ಗೊಣಗುತ್ತಾರೆ: "ಬೇರೆಯವರ ಮನೇಲಿ ಅಲಾರಂ ಹೊಡ್ಕೊಳ್ಳುತ್ತೆ, ನಮ್ಮನೇಲಿ ಬಡ್ಡಿದರ ಹೊಡ್ಕೊಳ್ಳುತ್ತೆ."

ಓದಿರುವುದು ಇತಿಹಾಸದ ಬಿ.ಎ. ಅದೇ ಇವರ ಅರ್ಹತೆಯೂ ಆಗಿತ್ತು. ಪರೀಕ್ಷೆಯ ವಿಷಯವನ್ನು ಓದಿದವರು ಅದರ ಬರಹಗಾರರಾಗುವಂತಿಲ್ಲ ಎಂಬುದು ನಿಯಮ. ಗೊತ್ತಿಲ್ಲದವರೇ ಬೇಕು. ಆದರೆ ಆವೃತ್ತಿ ಬದಲಾದಂತೆಲ್ಲ ಒಂದೇ ಪುಸ್ತಕವನ್ನು ಒಂಬತ್ತು ಸಲ ಗಟ್ಟಿಯಾಗಿ ಓದಿದವರಿಗೆ ಗೊತ್ತಾಗದೆ ಇರುತ್ತದೆಯೇ?

ಮೊದಲ ವಿದ್ಯಾರ್ಥಿ ಕಪ್ಪು ಗೌನು ತೊಟ್ಟ ಫೋಟೊ ತಂದು ಕೈಗಿಟ್ಟಾಗ ಅಕ್ಕನ ಕಣ್ಣು ತುಂಬಿತ್ತಂತೆ. ಎರಡನೆಯವನು ಬ್ಯಾಂಕ್ ಸೇರಿದ, ನಾಲ್ಕನೆಯವಳು ಲೆಕ್ಕಪರಿಶೋಧಕಿಯಾದಳು. ಆರನೆಯ ಫೋಟೊ ಬರುವ ಹೊತ್ತಿಗೆ ಕಣ್ಣೀರು ಬತ್ತಿತ್ತು. "ಬಾಯಲ್ಲಿ 'ಒಳ್ಳೇದಾಗ್ಲಿ ಕಣಪ್ಪ' ಅಂದೆ. ಒಳಗೆ ಹೊಟ್ಟೆ ಭಗಭಗ ಅಂತಿತ್ತು. ಅಕ್ಷರ ನಂದು, ಕೈ ನಂದು, ಹೆಸರು ಮಾತ್ರ ಅವರದು. ಕಣ್ಣಿಲ್ಲದವರನ್ನ ನೋಡಿ ಕರುಬೋದಾ ಅಂತ ನನಗೇ ನಾಚಿಕೆ. ಆದ್ರೂ ಉರಿಯೋದು ನಿಲ್ಲಲಿಲ್ಲ."

ಒಂಬತ್ತನೆಯವಳು ಚುರುಕು ಹುಡುಗಿ. ಚಿನ್ನದ ಪದಕ ಅವಳಿಗೇ ಎಂದು ಇಡೀ ವಿಭಾಗ ಮಾತಾಡಿಕೊಳ್ಳುತ್ತಿತ್ತು. ಕೊನೆಯ ಪರೀಕ್ಷೆ. ಕಂಪನಿಯೊಂದರ ನಗದು ಹರಿವಿನ ಲೆಕ್ಕ. ಸವಕಳಿ, ಅಂದರೆ ಯಂತ್ರ ಸವೆದದ್ದಕ್ಕೆಂದು ಲೆಕ್ಕದಲ್ಲಷ್ಟೇ ಕಳೆದ ಮೊತ್ತವನ್ನು ಲಾಭಕ್ಕೆ ಮರಳಿ ಕೂಡಬೇಕು. ಅವಸರದಲ್ಲಿ ಹುಡುಗಿ "ಕಳೀರಿ ಅಕ್ಕ" ಎಂದಳು. ಅಕ್ಕ ಕಳೆದರು.

"ತಪ್ಪು ಅಂತ ಆ ಕ್ಷಣಕ್ಕೇ ಗೊತ್ತಾಯ್ತು. ಹೇಳೋ ಹಾಗಿಲ್ಲ, ನಿಯಮ. ನಾನು ನಿಯಮ ಮುರೀಲಿಲ್ಲ, ನಿಜ. ಆದ್ರೆ ಪಾಲಿಸುವಾಗ ನನಗೆ ಖುಷಿಯಾಯ್ತು ನೋಡಿ, ಅದಕ್ಕೇನಂತೀರಿ?"

ಎರಡೇ ಎರಡು ಅಂಕಕ್ಕೆ ಪದಕ ತಪ್ಪಿತು. ಮೂರು ತಿಂಗಳು ಅಕ್ಕನಿಗೆ ಅನ್ನ ರುಚಿಸಲಿಲ್ಲ. ಕೊನೆಗೆ ಹುಡುಗಿಯ ಬಾಡಿಗೆ ಕೋಣೆಗೇ ಹೋಗಿ, ಮಂಚದ ತುದಿಯಲ್ಲಿ ಕೂತು, ಖುಷಿಪಟ್ಟದ್ದನ್ನೂ ಬಿಡದೆ ಎಲ್ಲ ಹೇಳಿಕೊಂಡರು.

"ತಪ್ಪು ಹೇಳಿದ್ದು ನಾನು. ಅದರಲ್ಲೂ ಪಾಲು ಕೇಳೋಕೆ ಬಂದ್ರಾ ಅಕ್ಕ?" ಎಂದಳು ಹುಡುಗಿ. ದನಿಯಲ್ಲಿ ಸಿಟ್ಟಿತ್ತು. "ಅಷ್ಟು ಉರಿ ಇದ್ರೆ ಹೋಗಿ ನಿಮ್ಮ ಹೆಸರಲ್ಲೇ ಬರೀರಿ. ನಿಮ್ಮ ತಪ್ಪು ನೀವೇ ಮಾಡಿ."

ಬೈಸಿಕೊಂಡು ಮನೆಗೆ ಬಂದವರು ಸಂಜೆ ತರಗತಿಯ ಎಂಬಿಎಗೆ ಅರ್ಜಿ ಹಾಕಿದರು. ಹಾಕಿದ ವಾರದಲ್ಲೇ ಬರಹಗಾರರ ಪಟ್ಟಿಯಿಂದ ಇವರ ಹೆಸರು ತೆಗೆದರು. ಓದುವವರು ಬರೆಯುವಂತಿಲ್ಲವಲ್ಲ! ಪ್ರವೇಶ ಪರೀಕ್ಷೆಯ ದಿನ ಮೊದಲ ಹತ್ತು ನಿಮಿಷ ಕೈಯೇ ಓಡಲಿಲ್ಲ. ಯಾರಾದರೂ ಹೇಳಲಿ ಎಂದು ಪೆನ್ನು ಹಿಡಿದು ಕಾಯುತ್ತಿದ್ದರಂತೆ. ಆಮೇಲೆ ಪಿಸುಗುಟ್ಟಿಕೊಂಡು ಬರೆಯತೊಡಗಿದರು. ಮೇಲ್ವಿಚಾರಕರು ಬಂದು ಗದರಿದರು: "ಯಾರಿಗಮ್ಮ ಹೇಳ್ಕೊಡ್ತಾ ಇದೀರ?"

"ನನಗೇ ಸಾರ್."

ಸೀಟು ಸಿಕ್ಕಿತು, ಪಟ್ಟಿಯ ಬಾಲದಲ್ಲಿ. ಈಗ ಮುಂಜಾನೆಯ ಓದು ಹತ್ತನೆಯ ವಿದ್ಯಾರ್ಥಿಗೆ. ಇಪ್ಪತ್ತೆರಡು ವರ್ಷದ ಆ ಹುಡುಗ ಅಕ್ಕನದೇ ತರಗತಿಯವನು. ಅವನಿಗೆ ಬರೆದುಕೊಡಲು ಬೇರೆಯವರಿದ್ದಾರೆ. ಮೊದಲ ಕಿರುಪರೀಕ್ಷೆಯ ಫಲಿತಾಂಶ ಕಳೆದ ವಾರ ಬಂತು. ಮೂವತ್ತಕ್ಕೆ ಅವನಿಗೆ ಇಪ್ಪತ್ತಾರು, ಅಕ್ಕನಿಗೆ ಹದಿನೇಳು. ಅವನು ಓದಿದ್ದೆಲ್ಲ ಇವರ ದನಿಯಲ್ಲೇ.

ಈಗಲೂ ಹೊಟ್ಟೆ ಉರಿಯುತ್ತಾ ಎಂದು ಕೇಳಿದರೆ ಅಕ್ಕ ಪುಸ್ತಕ ಮಡಚಿ, ಫ್ರಿಜ್ಜಿನ ಪ್ಲಗ್ಗು ಸಿಕ್ಕಿಸುತ್ತ ನಗುತ್ತಾರೆ.

"ಉರಿಯದೆ ಏನು? ಚೆನ್ನಾಗೇ ಉರಿಯುತ್ತೆ. ಆದ್ರೆ ಈಗ ಅವನ ಪಕ್ಕದ ಬೆಂಚಲ್ಲೇ ಕೂತು ಉರ್ಕೋತೀನಿ."