ಬಸ್ಸು ನೇರ ಸ್ಟೇಷನ್ನಿಗೆ ಹೋದ ಸಂಜೆ

ಒಬ್ಬ ಮನುಷ್ಯನ ಹೊಟ್ಟೆಪಾಡು ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಉದ್ದದ ಮಾತಲ್ಲ, ಕಷ್ಟದ ಮಾತೂ ಅಲ್ಲ. "ಬಾಗಿಲು ಹಾಕ್ಸಿದ್ದು ನಾನು." ಅಷ್ಟೇ. ಮೂವತ್ತು ವರ್ಷ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡವಳಿಗೆ ಅಷ್ಟು ಹೇಳೋಕೆ ಏನು ದಾಡಿಯಾಗಿತ್ತು? ಪೊಲೀಸರನ್ನು ಬೈಯೋಣ ಅಂತಲೇ ಬರೆಯೋಕೆ ಕೂತಿದ್ದೀನಿ. ಬೈತೀನಿ ಕೂಡ. ಆದರೆ ಬೈಗುಳ ಅವರ ಹತ್ತಿರವೇ ನಿಲ್ಲುತ್ತೆ ಅನ್ನೋ ಭರವಸೆ ನನಗಿಲ್ಲ.

ನಾನು ಭದ್ರಾವತಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದೆ. ಮನೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ. ದಿನಾ ಹೋಗಿ ಬರೋದು. ಸಂಜೆ ಐದರ ಖಾಸಗಿ ಬಸ್ಸು ಹಿಡಿದರೆ ಮಾಚೇನಹಳ್ಳಿಯಲ್ಲಿ ಫ್ಯಾಕ್ಟರಿ ಬಿಟ್ಟ ಜನ ತುಂಬಿಕೊಳ್ಳುತ್ತಿದ್ದರು, ಆಮೇಲೆ ಉಸಿರಾಡೋಕೂ ಜಾಗ ಇರುತ್ತಿರಲಿಲ್ಲ. ಆ ಬಸ್ಸಿನ ಕಂಡಕ್ಟರ್ ನಲವತ್ತರ ಆಸುಪಾಸಿನವನು, ಗುಂಡಗಿದ್ದ, ಬಾಯಿ ಸುಮ್ಮನಿರುತ್ತಿರಲಿಲ್ಲ. "ಟೀಚರ್, ಇವತ್ತು ಎಷ್ಟು ಜನರನ್ನ ಫೇಲ್ ಮಾಡಿದ್ರಿ?" ಅಂತ ಕೇಳದೆ ಒಂದು ದಿನವೂ ಟಿಕೆಟ್ ಕೊಟ್ಟವನಲ್ಲ. "ನೀನೊಬ್ಬನೇ ಫೇಲು, ಮಿಕ್ಕೋರೆಲ್ಲ ಪಾಸು" ಅಂತ ನಾನೂ ಅಂತಿದ್ದೆ. ಮೊದಲು ಅವನು ಮೂಟೆ ಹೊರುತ್ತಿದ್ದನಂತೆ. ಕಂಡಕ್ಟರ್ ಬ್ಯಾಡ್ಜು ಸಿಕ್ಕ ಮೇಲೆ ಬೆನ್ನು ನೆಟ್ಟಗಾಯ್ತು ಅಂತ ಅವನೇ ಹೇಳಿಕೊಂಡು ನಗುತ್ತಿದ್ದ.

ನಮ್ಮ ಬಸ್ಸುಗಳಲ್ಲಿ ಒಂದು ಪದ್ಧತಿಯಿದೆ. ಯಾರದಾದರೂ ಪರ್ಸೋ ಸರವೋ ಹೋಯ್ತು ಅಂತ ಕೂಗು ಬಿದ್ದರೆ ಕಂಡಕ್ಟರ್ ಎರಡೂ ಬಾಗಿಲು ಹಾಕಿಸುತ್ತಾನೆ. ಉದ್ದಕ್ಕೆ ಒಂದು ವಿಷಲ್ ಊದುತ್ತಾನೆ. ಡ್ರೈವರಿಗೆ ಅಷ್ಟೇ ಸಾಕು. ಯಾವ ಸ್ಟಾಪಿನಲ್ಲೂ ನಿಲ್ಲಿಸದೆ, ಯಾರನ್ನೂ ಇಳಿಸದೆ, ಬಸ್ಸನ್ನು ಅಷ್ಟೂ ಜನರ ಸಮೇತ ಪೊಲೀಸ್ ಸ್ಟೇಷನ್ ಕಾಂಪೌಂಡಿಗೆ ನುಗ್ಗಿಸುತ್ತಾನೆ. ಕದ್ದವನು ಒಳಗೇ ಇರುತ್ತಾನಲ್ಲ, ಎಲ್ಲಿ ಹೋಗ್ತಾನೆ? ಎಷ್ಟೋ ಸಲ ಸ್ಟೇಷನ್ ಮುಟ್ಟುವ ಮೊದಲೇ ಕಳೆದ ಸರ ಯಾವುದೋ ಸೀಟಿನ ಕೆಳಗೆ ಬಿದ್ದಿರುತ್ತಿತ್ತು. ಆ ಕಂಡಕ್ಟರ್ ಹೀಗೆ ಎರಡು ಮೂರು ಸಲ ಮಾಡಿದ್ದನ್ನು ನಾನೇ ಕಂಡಿದ್ದೆ. ಪೊಲೀಸರು ಬೆನ್ನು ತಟ್ಟಿ ಕಳಿಸಿದ್ದರು.

ಅದೇ ವರ್ಷ ಸವಳಂಗ ರಸ್ತೆಯಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ, ಪೊಲೀಸ್ ಅಂತ ಹೇಳಿಕೊಂಡ ಇಬ್ಬರು ಒಬ್ಬ ಅಜ್ಜಿಯ ಬಳೆ ಬಿಚ್ಚಿಸಿಕೊಂಡು ಹೋಗಿದ್ದರು. "ಮುಂದೆ ಗಲಾಟೆಯಾಗ್ತಿದೆ, ಬಂಗಾರ ಪೇಪರಲ್ಲಿ ಸುತ್ತಿಟ್ಕೊಳಿ" ಅಂದರಂತೆ. ಮನೆಗೆ ಬಂದು ಬಿಚ್ಚಿದರೆ ಪೊಟ್ಟಣದಲ್ಲಿ ಎರಡು ಕಲ್ಲು. ಅದಾದ ಮೇಲೆ ನಮ್ಮ ಸ್ಕೂಲಿಗೆ ಯೂನಿಫಾರ್ಮಿನಲ್ಲಿ ಒಬ್ಬ ಅಧಿಕಾರಿ ಬಂದು ಮಕ್ಕಳಿಗೆ ಭಾಷಣ ಮಾಡಿದರು. ಮಫ್ತಿಯಲ್ಲಿ ಬಂದು ಪೊಲೀಸ್ ಅಂದವರನ್ನೆಲ್ಲ ನಂಬಬೇಡಿ, ಗುರುತಿನ ಚೀಟಿ ಕೇಳಿ, ತೋರಿಸದಿದ್ದರೆ ಠಾಣೆಗೆ ತಿಳಿಸಿ, ಅಂತ. ನಾನು ಅದನ್ನು ಬೋರ್ಡಿನ ಮೇಲೆ ಬರೆದು ಎಲ್ಲರಿಗೂ ನೋಟ್ಸಿಗೆ ಇಳಿಸಿಕೊಳ್ಳಿ ಅಂದವಳು. ಒಂದಿಬ್ಬರು ಬರೆದಿರಲಿಲ್ಲ, ಅವರ ಕಿವಿ ಹಿಂಡಿದ್ದೆ.

ಆ ಸಂಜೆ ಮಾಚೇನಹಳ್ಳಿಯಲ್ಲಿ ಎಂದಿನಂತೆ ಜನ ಹತ್ತಿದರು. ನನ್ನ ಮುಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಒಬ್ಬ ಟರ್ನರ್ ಕೂತ. ಲೇತ್ ಮೇಲೆ ಕೆಲಸ ಮಾಡುವವನು, ದಿನಾ ನೋಡೋ ಮುಖ, ನೀಲಿ ಅಂಗಿ, ಉಗುರ ಸಂದಿಯಲ್ಲಿ ಎಂದೂ ಹೋಗದ ಕಪ್ಪು. ಟಿಫನ್ ಚೀಲ ತೊಡೆಯ ಮೇಲಿಟ್ಟುಕೊಂಡು ಆಗಲೇ ತೂಕಡಿಸೋಕೆ ಶುರು ಮಾಡಿದ್ದ. ಕೊನೆಗೆ ಇಬ್ಬರು ಹತ್ತಿದರು. ಒಬ್ಬನದು ಕಪ್ಪು ಟೀ ಶರ್ಟು. ಇನ್ನೊಬ್ಬನದು ಚೌಕಳಿ ಅಂಗಿ, ಕಾಲಲ್ಲಿ ಹವಾಯಿ ಚಪ್ಪಲಿ. ಟಿಕೆಟ್ ಕೇಳಿದ ಕಂಡಕ್ಟರನ್ನು ಮೊಣಕೈಯಲ್ಲಿ ಸರಿಸಿ ನೇರ ಬಂದವರೇ ಟರ್ನರನ ಕೊರಳಪಟ್ಟಿಗೆ ಕೈ ಹಾಕಿದರು.

"ಏಳೋ. ಇಳಿ ಕೆಳಗೆ."

"ಯಾರ್ರೀ ನೀವು?" ಅಂದ ಅವನು, ನಿದ್ದೆಗಣ್ಣಲ್ಲಿ.

ಉತ್ತರಕ್ಕೆ ಕಪಾಳಕ್ಕೊಂದು ಬಿತ್ತು. ಟಿಫನ್ ಡಬ್ಬಿ ಉರುಳಿ ನನ್ನ ಕಾಲ ಹತ್ತಿರ ಬಂತು. ಅವನು ಕಿಟಕಿ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಅಕ್ಕಾ, ಇವ್ರು ಯಾರೋ ನಂಗೊತ್ತಿಲ್ಲ ಅಕ್ಕಾ" ಅಂತ ನನ್ನ ಕಡೆ ತಿರುಗಿ ಕೂಗಿದ. ಪಕ್ಕದಲ್ಲಿದ್ದ ಹೂ ಮಾರೋ ಮುದುಕಿ "ಅಡಪ್ಪಾವಿ, ಹಗಲಲ್ಲೇ ಎತ್ತಾಕ್ಕೊಂಡ್ ಹೋಗ್ತಾರಲ್ಲ" ಅಂತ ಬಾಯಿ ಬಡಿದುಕೊಂಡಳು.

ಸುಳ್ಳು ಹೇಳಲ್ಲ, ಚೌಕಳಿ ಅಂಗಿಯವನು "ಪೊಲೀಸ್" ಅಂದ. ಒಂದೇ ಸಲ, ಹಲ್ಲು ಕಚ್ಚಿಕೊಂಡು. ಅಜ್ಜಿಯ ಬಳೆ ಬಿಚ್ಚಿಸಿದವರೂ ಅದನ್ನೇ ಅಂದಿದ್ದರಲ್ಲ.

ನಾನು ಎದ್ದು ನಿಂತೆ. "ಪೊಲೀಸಾದ್ರೆ ಕಾರ್ಡ್ ತೋರ್ಸಪ್ಪ."

"ನಿಂಗ್ಯಾಕಮ್ಮ ತೋರ್ಸ್ಬೇಕು? ಮುಚ್ಕೊಂಡ್ ಕೂತ್ಕೋ."

ನನಗೆ ಸಿಟ್ಟು ನೆತ್ತಿಗೇರಿತು. ಆ ಮಾತು ಕೇಳಿ ಸುಮ್ಮನಿರೋ ಜಾತಿಯಲ್ಲ ನಾನು. ಹಾಗಂತ ಅಂದುಕೊಂಡಿದ್ದೆ. "ಬಾಗಿಲು ಹಾಕು ಮಾರಾಯ!" ಅಂತ ಕಂಡಕ್ಟರಿಗೆ ಕಿರುಚಿದೆ. "ಒಬ್ಬರನ್ನೂ ಇಳಿಸ್ಬೇಡ. ಸ್ಟೇಷನ್‌ಗೆ ಬಿಡು ಗಾಡಿ!"

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಅಳುಕಿದ ಅನ್ನಿಸುತ್ತೆ. ಆಮೇಲೆ "ಟೀಚರ್ ಹೇಳಿದ್ಮೇಲೆ ಮುಗೀತು" ಅಂದವನೇ ಬಾಗಿಲು ಎಳೆದು ವಿಷಲ್ ಊದಿದ. ಬಸ್ಸು ಹೊರಟಿತು ನೋಡಿ, ಹೊಟ್ಟೆಯೊಳಗಿನ ಕರುಳು ಬಾಯಿಗೆ ಬರೋ ಹಾಗೆ.

ಕಪ್ಪು ಟೀ ಶರ್ಟಿನವನು ಬಾಗಿಲ ಹತ್ತಿರ ನುಗ್ಗಿದ. ಕಂಡಕ್ಟರ್ ಅಡ್ಡ ನಿಂತ. ಕಂಡಕ್ಟರಿಗೊಂದು ಏಟು ಬಿತ್ತು, ಅವನು ತಿರುಗಿ ತಳ್ಳಿದ. ಅದೇ ಹೊತ್ತಿಗೆ ಡ್ರೈವರ್ ಹಂಪ್ ಕಂಡು ಬ್ರೇಕ್ ಹಾಕಿದ. ಟೀ ಶರ್ಟಿನವನು ಸೀಟಿನ ಕಂಬಿಗೆ ಮುಖ ಕೊಟ್ಟು ಬಿದ್ದ, ತುಟಿ ಒಡೆಯಿತು. ತಳ್ಳಿದ್ದಕ್ಕೋ, ಬ್ರೇಕಿಗೋ, ದೇವರಿಗೇ ಗೊತ್ತು. ನಾವೆಲ್ಲ ಕೇಕೆ ಹಾಕಿದೆವು. "ಹಾಕು ಇನ್ನೊಂದು" ಅಂತ ಹಿಂದಿನಿಂದ ಯಾರೋ ಕೂಗಿದರು. ನನಗಂತೂ ಹಬ್ಬ. ಇಷ್ಟು ವರ್ಷಕ್ಕೆ ಒಂದು ಒಳ್ಳೆ ಕೆಲಸ ಮಾಡ್ತಿದ್ದೀನಿ ಅನ್ನೋ ಹೆಮ್ಮೆ ಬೇರೆ.

ಆದರೆ ಚೌಕಳಿ ಅಂಗಿಯವನು ಟರ್ನರನ ಕೊರಳಪಟ್ಟಿ ಬಿಡದೆ ಆರಾಮಾಗಿ ಸೀಟಿನ ಅಂಚಿಗೆ ಕೂತ. ಫೋನು ತೆಗೆದು ಏನೋ ಹೇಳಿದ. ಆಮೇಲೆ ನನ್ನ ಕಡೆ ನೋಡಿ ನಕ್ಕ. "ಬಿಡ್ಲಿ ಬಿಡ್ಲಿ. ನಾವೂ ಅಲ್ಲಿಗೇ ಹೋಗ್ಬೇಕಿತ್ತು."

ಆಗ ಗೊತ್ತಾಯ್ತು ನನಗೆ, ಇವರು ನಿಜವಾದ ಪೊಲೀಸರೇ. ಕಾರ್ಡು ಅವನ ಜೇಬಿನಲ್ಲೇ ಇತ್ತು. ತುಂಗಾ ಸೇತುವೆ ದಾಟಿದರೂ ಅದು ಹೊರಗೆ ಬರಲಿಲ್ಲ. ಒಂದು ಸಲ ಎತ್ತಿ ತೋರಿಸಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ, ಬಸ್ಸು ನಿಲ್ಲುತ್ತಿತ್ತು, ಯಾರ ತುಟಿಯೂ ಒಡೆಯುತ್ತಿರಲಿಲ್ಲ. ತೋರಿಸಲಿಲ್ಲ. ಕೊಬ್ಬು, ಇನ್ನೇನು. ಒಬ್ಬ ಹೆಂಗಸು ಕೇಳಿದಳಲ್ಲ, ಅವಳಿಗ್ಯಾಕೆ ತೋರಿಸಬೇಕು ಅನ್ನೋ ಕೊಬ್ಬು.

ಸ್ಟೇಷನ್ ಕಾಂಪೌಂಡಿನಲ್ಲಿ ಬಸ್ಸು ನಿಂತಿತು. ಬಾಗಿಲಲ್ಲಿದ್ದ ಪೇದೆ ಚೌಕಳಿ ಅಂಗಿಯವನನ್ನು ಕಂಡದ್ದೇ ನೆಟ್ಟಗೆ ನಿಂತು, "ಏನ್ ಸಾರ್, ಬಸ್ಸಲ್ಲೇ ಬಂದ್ಬಿಟ್ರಿ?" ಅಂದ. ಅಷ್ಟೇ ನೋಡಿ. ಕೇಕೆ ಹಾಕಿದ್ದ ಅಷ್ಟೂ ಜನ ಎರಡು ನಿಮಿಷದಲ್ಲಿ ಕಂಬಿ ಕಿತ್ತರು. "ಹಾಕು ಇನ್ನೊಂದು" ಅಂದವನು ಎಲ್ಲರಿಗಿಂತ ಮೊದಲು ಇಳಿದಿರಬೇಕು. ಹೂವಿನ ಮುದುಕಿ ಬುಟ್ಟಿ ಎತ್ತಿಕೊಂಡು ಓಡಿದ್ದನ್ನು ನಾನೇ ನೋಡಿದೆ. ಡ್ರೈವರು "ಕಂಡಕ್ಟರ್ ಹೇಳಿದ ಹಾಗೆ ಓಡಿಸಿದೆ ಸಾರ್" ಅಂತ ಕೈ ಮುಗಿದು ಒಂದು ಮೂಲೆಗೆ ನಿಂತ. ಕಂಡಕ್ಟರನ ಕೈಲಿದ್ದ ಟಿಕೆಟ್ ಮಷಿನ್ ಕಿತ್ತುಕೊಂಡು ಅವನನ್ನು ಒಳಗೆ ಎಳೆದರು. ಬಾಗಿಲು ಹಾಕಿತ್ತು. ಆದರೂ ಕೇಳಿಸಿತು.

ನಾನು ಓಡಲಿಲ್ಲ. ಅದೊಂದು ಹೆಚ್ಚುಗಾರಿಕೆ ನನ್ನದು ಅಂತ ಬಹಳ ದಿನ ಹೇಳಿಕೊಂಡು ತಿರುಗಿದೆ. ಸಬ್ ಇನ್ಸ್‌ಪೆಕ್ಟರ್ ಒಳ್ಳೆ ಹುಡುಗನ ಹಾಗಿದ್ದರು, ನನಗೆ ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು. "ಮೇಡಂ, ನೀವು ಟೀಚರ್ರು. ನಿಮ್ಮ ಮಾತಿಗೆ ಬೆಲೆಯಿದೆ. ಬಾಗಿಲು ಹಾಕ್ಸಿದ್ದು ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು. "ಸರ್ಕಾರಿ ಕೆಲಸಕ್ಕೆ ಅಡ್ಡಿ, ಮೇಲೆ ಹಲ್ಲೆ. ಸಣ್ಣ ಕೇಸಲ್ಲ. ಅಂಥದ್ದು ಸರ್ಕಾರಿ ನೌಕರರೇ ಮಾಡಿದ್ರೆ ಸಸ್ಪೆಂಡ್ ಗ್ಯಾರಂಟಿ. ಹಾಗೇ ಮಾತಿಗೆ ಹೇಳ್ದೆ."

ನನಗೆ ರಿಟೈರ್ ಆಗೋಕೆ ಎರಡು ವರ್ಷವಿತ್ತು. ಪೆನ್ಶನ್ನು, ಮನೆ, ಸ್ಟಾಫ್ ರೂಮಿನಲ್ಲಿ ಬಾಯಿಗೆ ಸೆರಗು ಹಿಡಿದು ಮಾತಾಡೋ ಸಹೋದ್ಯೋಗಿಗಳು, ಎಲ್ಲ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಒಳಗಿಂದ ಕಂಡಕ್ಟರನ್ನು ಕರೆತಂದು ಗೋಡೆ ಪಕ್ಕ ನಿಲ್ಲಿಸಿದರು. ಒಂದು ಕಣ್ಣು ಊದಿತ್ತು. ಪ್ರಶ್ನೆ ಅವನಿಗೂ ಕೇಳಿಸಿತ್ತು.

"ನಾನೇ ಸಾರ್" ಅಂದ ಅವನು. "ಟೀಚರ್ ಪಾಪ ಹಿಂದೆ ಕೂತಿದ್ರು. ಅವ್ರಿಗೇನೂ ಗೊತ್ತಿಲ್ಲ."

ನನ್ನ ಕಡೆ ನೋಡಲೂ ಇಲ್ಲ. ನಾನು? ನಾನು ನನ್ನ ಚೀಲದ ಜಿಪ್ಪು ನೋಡುತ್ತಾ ಕೂತೆ. ಸ್ಟೇಷನ್ ರೈಟರು ನನ್ನ ಹೇಳಿಕೆ ಅಂತ ಬರೆದು ಮುಂದಿಟ್ಟರು. ಗುರುತಿನ ಚೀಟಿ ತೋರಿಸಿದ ನಂತರವೂ ಕಂಡಕ್ಟರ್ ಬಾಗಿಲು ಹಾಕಿಸಿದ ಅಂತ ಅದರಲ್ಲಿತ್ತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಅಂಕಿ ತಪ್ಪಿದರೂ ಕೆಂಪು ಗೆರೆ ಎಳೆಯೋಳು ನಾನು. ಅದನ್ನು ಪೂರ್ತಿ ಓದಿದೆ. ಓದಿಯೇ ಸೈನ್ ಹಾಕಿದೆ.

ನಾನು ಹೊರಗೆ ಬರುವಾಗ ಟರ್ನರ್ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಇವನಲ್ಲವಂತೆ. ಅವರಿಗೆ ಬೇಕಾಗಿದ್ದವನು ಆಯನೂರಿನ ಕಡೆಯವನು, ಅಂಥದ್ದೇ ನೀಲಿ ಅಂಗಿ ಹಾಕಿದ್ದನಂತೆ. "ಬೇಜಾರ್ ಮಾಡ್ಕೋಬೇಡ ಮಾರಾಯ" ಅಂತ ಚೌಕಳಿ ಅಂಗಿಯವನು ಅವನ ಹೆಗಲು ತಟ್ಟಿದ. ಹಿಡಿದವನನ್ನು ಬಿಟ್ಟರು, ಬಿಡಿಸೋಕೆ ಹೋದವನನ್ನು ಹಿಡಿದರು. ಎಕ್ಕುಟ್ಟಿ ಹೋಗಲಿ ಇಂಥ ನ್ಯಾಯ.

ಕಂಡಕ್ಟರ್ ಕೆಲವು ದಿನ ಬಿಟ್ಟು ಜಾಮೀನಿನ ಮೇಲೆ ಬಂದ. ಪೊಲೀಸ್ ಕೇಸ್ ಇರೋನ್ನ ಗಾಡಿಗೆ ಹತ್ತಿಸಲ್ಲ ಅಂದರು ಬಸ್ಸಿನ ಮಾಲೀಕರು, ಮುಗಿಸಿಕೊಂಡು ಬಾ ಅಂದರು. ಬ್ಯಾಡ್ಜು ರಿನೀವಲ್‌ಗೆ ಆರ್‌ಟಿಒ ಆಫೀಸಿಗೆ ಹೋದರೆ ಪೊಲೀಸರ ಸರ್ಟಿಫಿಕೇಟು ತಾ ಅಂದರು. ಯಾವ ಪೊಲೀಸರದು? ಅದೇ ಸ್ಟೇಷನ್ನಿನವರದು. ಅವನು ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಬೇರೆಯವರ ಬಸ್ಸಿಗೆ "ಶಿವಮೊಗ್ಗ ಶಿವಮೊಗ್ಗ" ಅಂತ ಕೂಗಿ ಜನ ತುಂಬಿಸೋ ಕೆಲಸಕ್ಕೆ ಬಿದ್ದ. ಅವನ ದನಿ ದೂರದಿಂದಲೇ ಗೊತ್ತಾಗುತ್ತಿತ್ತು. ನಾನು ಮುಂದಿನ ಸ್ಟಾಪಿಗೆ ನಡೆದು ಹೋಗಿ ಸರ್ಕಾರಿ ಬಸ್ಸು ಹತ್ತುತ್ತಿದ್ದೆ. ಮುಖ ತೋರಿಸೋ ಮುಖ ನನಗಿರಲಿಲ್ಲ.

ಒಂದು ಸಲ ಟರ್ನರನನ್ನು ಹುಡುಕಿಕೊಂಡು ಮಾಚೇನಹಳ್ಳಿಗೆ ಹೋದೆ. ನೀನಾದರೂ ಬಂದು ನಡೆದದ್ದನ್ನು ಹೇಳು ಅಂದೆ. "ಬಿಟ್ಟಿದ್ದಾರಲ್ಲ ಅಕ್ಕಾ, ಅಷ್ಟು ಸಾಕು" ಅಂದ. ಎಷ್ಟು ಹೇಡಿ ನೋಡು ಅಂತ ದಾರಿಯುದ್ದಕ್ಕೂ ಅವನನ್ನು ಬೈದುಕೊಂಡು ಬಂದೆ. ಅವನನ್ನು ಬೈಯೋಕೆ ನನಗೆ ಬಾಯಿ ಹೇಗೆ ಬಂತೋ!

ಕೋರ್ಟಿನಿಂದ ಸಾಕ್ಷಿಗೆ ಸಮನ್ಸ್ ಬರುವ ಹೊತ್ತಿಗೆ ನಾನು ರಿಟೈರ್ ಆಗಿದ್ದೆ. ಪೆನ್ಶನ್ ಕೈಗೆ ಬಂದಿತ್ತು, ಅದರ ಹಿಂದೆಯೇ ಧೈರ್ಯವೂ ಬಂತು. ನಾಚಿಕೆಯಿಲ್ಲದ ಧೈರ್ಯ. ಹಿಂದಿನ ದಿನ ಅಡುಗೆಮನೆಯಲ್ಲಿ ನಿಂತು ಆ ಒಂದು ಮಾತನ್ನು ಹತ್ತು ಸಲ ಹೇಳಿ ನೋಡಿಕೊಂಡೆ.

ಕೋರ್ಟಿನ ವರಾಂಡದಲ್ಲಿ ಒಬ್ಬ ಪೊಲೀಸಿನವನು ನಮಸ್ಕಾರ ಮಾಡಿದ. ಗುರುತು ಹತ್ತಲಿಲ್ಲ. ಆಮೇಲೆ ಒಡೆದಿದ್ದ ತುಟಿಯ ಮೇಲಿನ ಗೆರೆ ಕಂಡಿತು, ಅದೇ ಕಪ್ಪು ಟೀ ಶರ್ಟಿನವನು. ಇಸ್ತ್ರಿ ಮಾಡಿದ ಖಾಕಿ, ಎದೆಯ ಮೇಲೆ ಹೆಸರಿನ ಪಟ್ಟಿ, ಪಾಲಿಶ್ ಮಾಡಿದ ಬೂಟು.

"ಅವತ್ತೂ ಈ ಬಟ್ಟೇಲೇ ಬಂದಿದ್ರೆ ಏನಪ್ಪ ಕಳ್ಕೋತಿದ್ದೆ?" ಅಂದೆ.

"ಮಫ್ತಿ ಡ್ಯೂಟಿ ಮೇಡಂ. ನಮ್ಮ ಕೈಲೇನಿದೆ?" ಅಂದ. ಸಿಟ್ಟೇನೂ ಇರಲಿಲ್ಲ ಅವನಿಗೆ. ನಮ್ಮ ಹಳೇ ವಿದ್ಯಾರ್ಥಿಗಳು ಮಾತಾಡಿಸೋ ಹಾಗೆ ಮಾತಾಡಿಸಿದ.

ಕಂಡಕ್ಟರ್ ಮೆಟ್ಟಿಲ ಹತ್ತಿರ ನಿಂತಿದ್ದ. ಸೊರಗಿದ್ದ, ಅಂಗಿ ಜೋತಾಡುತ್ತಿತ್ತು. ನಾನೇ ಹತ್ತಿರ ಹೋದೆ. "ಇವತ್ತು ಹೇಳ್ತೀನಿ ಕಣೋ. ನಾನೇ ಹಾಕ್ಸಿದ್ದು, ಅವ್ರು ಕಾರ್ಡ್ ತೋರಿಸ್ಲಿಲ್ಲ, ಎಲ್ಲ ಹೇಳ್ತೀನಿ."

ಅವನು ಗಾಬರಿಯಾದ. "ಬೇಡ ಟೀಚರ್, ನಿಮ್ಮ ದಮ್ಮಯ್ಯ. ಇವತ್ತು ತಪ್ಪೊಪ್ಕೊಂಡು ದಂಡ ಕಟ್ಟಿ ಮುಗಿಸೋದು ಅಂತ ವಕೀಲ್ರು ಮಾತಾಡಿದ್ದಾರೆ. ನೀವು ಶುರು ಮಾಡಿದ್ರೆ ಇನ್ನೂ ವರ್ಷಗಟ್ಲೆ ಎಳೀತಾರೆ. ಅಲೆದು ಅಲೆದು ಸಾಕಾಗಿದೆ ನಂಗೆ."

"ಒಪ್ಕೊಂಡ್ರೆ ಬ್ಯಾಡ್ಜು ಮತ್ತೆ ಸಿಗಲ್ವಲ್ಲೋ?"

"ಅದು ಯಾವಾಗ್ಲೋ ಹೋಯ್ತು. ನೀವು ಅವತ್ತೇ ಹೇಳಿದ್ರೆ ಬೇರೆ ಮಾತಿತ್ತು."

ಅವನು ಚುಚ್ಚೋಕೆ ಅಂತ ಹೇಳಲಿಲ್ಲ. ಬಸ್ಸು ಹೊರಟು ಹೋಯ್ತು, ಮುಂದಿನದಕ್ಕೆ ಕಾಯಿರಿ ಅನ್ನೋ ಹಾಗೆ ಹೇಳಿದ.

ಒಳಗೆ ಕೂಗಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಎದ್ದು ನಿಂತು ಮಾತಾಡಬಹುದಿತ್ತು, ಅವನು ಬೇಡ ಅಂದರೂ ಮಾತಾಡಬಹುದಿತ್ತು. ನ್ಯಾಯಾಧೀಶರು ಅವನನ್ನು ಕೇಳಿದರು, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೀಯಾ, ಅಂತ. ಅವನು ಕೈ ಮುಗಿದು ಹೌದು ಸ್ವಾಮಿ ಅಂದ. ಸಾಕ್ಷಿಗಳು ಹೋಗಬಹುದು ಅಂದರು. ಆಗ ನನ್ನ ಎದೆಯ ಮೇಲಿನ ಭಾರ ಇಳಿಯಿತು. ಸದ್ಯ, ತಪ್ಪಿತು ಅನ್ನಿಸಿತು. ದುಃಖವಲ್ಲ, ಸಿಟ್ಟಲ್ಲ, ಸಮಾಧಾನ. ಥೂ, ನನ್ನ ಜನ್ಮಕ್ಕಿಷ್ಟು, ಅವನು ಅಲ್ಲಿ ಕೈ ಮುಗಿದು ನಿಂತಿರುವಾಗ ನನಗೆ ಆದದ್ದು ಸಮಾಧಾನ.